ಸಾಲ್ಮನ್ ಹಳ್ಳ, ಹಳ್ಳದಂಚಿನ ಕಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದಿದ್ದು ಮಲೆನಾಡಿನಲ್ಲಿ. ಈಗ ಇರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಹತ್ತಿರ. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಶನಿವಾರ ಬೆಳಿಗ್ಗೆ ಮಾತ್ರ ಗಂಬೂಟು ಹಾಕಿಕೊಂಡು ಯಾವುದಾದರೂ ಹಳ್ಳದ ದಡಕ್ಕೆ ಹೋಗಿ ಗಿಡ ನೆಡುತ್ತೇನೆ, ಇಲ್ಲಾ ಮುಳ್ಳು ಕೀಳುತ್ತೇನೆ. ವಿಷಯ ಗೊತ್ತಾದ ಕೂಡಲೇ ಇಲ್ಲಿನ ಕನ್ನಡದ ಗೆಳೆಯರು, ಊರಿನ ನೆಂಟರು ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ನಾನು ವಿಜ್ಞಾನಿಯಲ್ಲ, ಗುದ್ದಲಿ ಹಿಡಿಯುವವನು ಅಷ್ಟೇ.

ಸಾಲ್ಮನ್ ಅಂದ್ರೆ ನಮ್ಮ ರಾವಸ್ ಮೀನೇ ಅಲ್ವಾ?

ಅಲ್ಲ. ರಾವಸ್ ಮೀನನ್ನು ಅಂಗಡಿಯಲ್ಲಿ ‘ಇಂಡಿಯನ್ ಸಾಲ್ಮನ್’ ಅಂತ ಮಾರುತ್ತಾರೆ, ಅದಕ್ಕೇ ಈ ಗೊಂದಲ. ಅದು ಬೇರೆಯೇ ಕುಲದ ಮೀನು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸಾಲ್ಮನ್ ಐದು ಬಗೆ: ಚಿನೂಕ್, ಕೋಹೋ, ಸಾಕೈ, ಚಮ್, ಪಿಂಕ್. ಇವುಗಳ ಹತ್ತಿರದ ನೆಂಟ ಸ್ಟೀಲ್‌ಹೆಡ್.

ಸಮುದ್ರದ ಮೀನಿಗೆ ಹಳ್ಳದಲ್ಲಿ ಏನು ಕೆಲಸ?

ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುವುದನ್ನು ಮಲೆನಾಡಿನವರು ನೋಡಿರುತ್ತೀರಿ. ಅದಕ್ಕೆ ಹತ್ತುಮೀನು ಅಂತಲೇ ಹೆಸರು. ಸಾಲ್ಮನ್ ಕೂಡ ಒಂದು ಹತ್ತುಮೀನು. ಆದರೆ ಅದು ಹತ್ತುವುದು ಸಮುದ್ರದಿಂದ, ಕೆಲವು ಸಲ ನೂರಾರು ಕಿಲೋಮೀಟರ್.

ಹುಟ್ಟುವುದು ಹಳ್ಳದಲ್ಲಿ. ಬೆಳೆಯುವುದು ಸಮುದ್ರದಲ್ಲಿ. ಮೊಟ್ಟೆ ಇಡುವ ಕಾಲ ಬಂದಾಗ ಹುಟ್ಟಿದ ಹಳ್ಳದ ವಾಸನೆ ಹಿಡಿದು ವಾಪಸ್ಸು ಬರುತ್ತದೆ. ಹೆಣ್ಣು ಮೀನು ಬಾಲದಿಂದ ಜಲ್ಲಿಕಲ್ಲನ್ನು ಬಡಿದು ಬಡಿದು ಗುಂಡಿ ತೋಡಿ, ಅದರಲ್ಲಿ ಸಾವಿರಾರು ಮೊಟ್ಟೆ ಇಟ್ಟು, ಮೇಲೆ ಜಲ್ಲಿ ಮುಚ್ಚುತ್ತದೆ. ಕಲ್ಲುಗಳ ಸಂದಿಯಲ್ಲಿ ತಣ್ಣನೆಯ ನೀರು ಹರಿಯುತ್ತಲೇ ಇರಬೇಕು. ಹೂಳು ಬಂದು ಸಂದಿ ಕಟ್ಟಿಕೊಂಡರೆ ಮೊಟ್ಟೆಗೆ ಉಸಿರುಕಟ್ಟುತ್ತದೆ.

ಚಮ್, ಪಿಂಕ್ ಮರಿಗಳು ಜಲ್ಲಿಯಿಂದ ಎದ್ದ ಕೂಡಲೇ ಸಮುದ್ರದ ದಾರಿ ಹಿಡಿಯುತ್ತವೆ. ಕೋಹೋ ಮರಿ ಹಾಗಲ್ಲ, ಒಂದು ವರ್ಷಕ್ಕಿಂತ ಜಾಸ್ತಿ ಹಳ್ಳದಲ್ಲೇ ಇರುತ್ತದೆ. ಅಂದರೆ ಅದಕ್ಕೆ ಬೇಸಿಗೆಯಲ್ಲಿ ನೆರಳು ಬೇಕು, ಚಳಿಗಾಲದ ನೆರೆಯಲ್ಲಿ ಅಡಗಲು ಜಾಗ ಬೇಕು. ಹಳ್ಳ ಕೆಟ್ಟರೆ ಮೊದಲ ಪೆಟ್ಟು ಬೀಳುವುದು ಇದಕ್ಕೇ.

ಹಳ್ಳದ ತುಂಬ ಸತ್ತ ಮೀನು ಬಿದ್ದಿತ್ತು. ರೋಗ ಬಂದಿದ್ಯಾ?

ಇಲ್ಲ, ಅದು ಸಹಜ. ಈ ಐದೂ ಸಾಲ್ಮನ್ ಮೊಟ್ಟೆ ಇಟ್ಟ ಮೇಲೆ ಸಾಯುತ್ತವೆ. ಸ್ಟೀಲ್‌ಹೆಡ್‌ನಲ್ಲಿ ಕೆಲವು ಮಾತ್ರ ಬದುಕಿ ಮತ್ತೆ ಸಮುದ್ರಕ್ಕೆ ಹೋಗುವುದುಂಟು. ಮೊದಲ ವರ್ಷ ನನಗೂ ಆ ನಾತಕ್ಕೆ ಮೂಗು ಮುಚ್ಚಿಕೊಳ್ಳುವ ಹಾಗಾಗಿತ್ತು. ಈಗ ಆ ನಾತ ಬಂದರೆ ಈ ವರ್ಷ ಮೀನು ಚೆನ್ನಾಗಿ ಹತ್ತಿದೆ ಅಂತ ಖುಷಿಯಾಗುತ್ತದೆ.

ಕಾಡಿಗೂ ಮೀನಿಗೂ ಏನು ಸಂಬಂಧ ಅಂತ ಕೇಳುವವರಿಗೂ ಉತ್ತರ ಈ ಹೆಣಗಳಲ್ಲೇ ಇದೆ. ಸಾಲ್ಮನ್ ತನ್ನ ಮೈಯ ಬಹುಪಾಲನ್ನು ಬೆಳೆಸಿಕೊಳ್ಳುವುದು ಸಮುದ್ರದಲ್ಲಿ. ಕರಡಿ ಅದನ್ನು ಹಿಡಿದು ಕಾಡಿನೊಳಗೆ ಎಳೆದುಕೊಂಡು ಹೋಗುತ್ತದೆ, ಒಳ್ಳೆಯ ಭಾಗ ತಿಂದು ಉಳಿದದ್ದನ್ನು ಅಲ್ಲೇ ಬಿಡುತ್ತದೆ. ಮಿಕ್ಕಿದ್ದು ಹದ್ದಿಗೆ, ಕಾಗೆಗೆ, ಹುಳಕ್ಕೆ, ಕೊನೆಗೆ ಮಣ್ಣಿಗೆ. ಸಮುದ್ರದಿಂದ ಬಂದ ಸಾರಜನಕದಲ್ಲಿ ಸಾರಜನಕ-15 ಅನ್ನುವ ತುಸು ಭಾರದ ರೂಪ ಸ್ವಲ್ಪ ಜಾಸ್ತಿ ಇರುತ್ತದೆ. ಸಾಲ್ಮನ್ ಹತ್ತುವ ಹೊಳೆಗಳ ದಡದ ಮರಗಳಲ್ಲಿ ವಿಜ್ಞಾನಿಗಳು ಅದನ್ನೇ ಕಂಡಿದ್ದಾರೆ. ಅಡಿಕೆ ತೋಟಕ್ಕೆ ವರ್ಷವರ್ಷ ಗೊಬ್ಬರ ಹೊತ್ತು ಹಾಕಿದವರಿಗೆ ಇದರ ಬೆಲೆ ಗೊತ್ತಿರುತ್ತದೆ. ಇಲ್ಲಿ ಗೊಬ್ಬರ ತಾನಾಗಿಯೇ ಈಜಿಕೊಂಡು ಬರುತ್ತದೆ! ಮೀನು ಕಮ್ಮಿಯಾದ ಹಳ್ಳಗಳಿಗೆ ಮೀನುಮರಿ ಸಾಕುವ ಕೇಂದ್ರದಿಂದ ಸತ್ತ ಮೀನು ತಂದು ಎಸೆಯುವ ಕೆಲಸವೂ ಇದೆ. ಅದಕ್ಕೆ ಜನ ಸಿಗುವುದು ಮಾತ್ರ ಕಷ್ಟ.

ಕಾಡು ಈ ಸಾಲವನ್ನು ತೀರಿಸುತ್ತದೆ. ನೆರಳಿನಿಂದ ನೀರು ತಣ್ಣಗಿರುತ್ತದೆ. ಎಲೆ ಉದುರಿ ಹುಳಕ್ಕೆ ಊಟ, ಹುಳ ಮೀನಿನ ಮರಿಗೆ ಊಟ. ಬೇರು ದಡವನ್ನು ಹಿಡಿದಿಡುತ್ತದೆ. ಕೊನೆಗೆ ಮರ ಮುಪ್ಪಾಗಿ ಹಳ್ಳಕ್ಕೆ ಬೀಳುತ್ತದಲ್ಲ, ಅದೇ ಎಲ್ಲಕ್ಕಿಂತ ದೊಡ್ಡ ಉಪಕಾರ.

ಏನು, ಹಳ್ಳಕ್ಕೆ ಮರ ಬೀಳೋದು ಒಳ್ಳೇದಾ?

ಹೌದು. ಈ ಮಾತನ್ನು ನಂಬಲು ನನಗೂ ಸ್ವಲ್ಪ ಕಾಲ ಬೇಕಾಯಿತು. ಚೊಕ್ಕವಾಗಿ ಕಾಣುವ ಹಳ್ಳವೇ ಒಳ್ಳೆಯ ಹಳ್ಳ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಮೀನಿನ ಲೆಕ್ಕ ಬೇರೆ. ಮೀನಿಗೆ ಹಳ್ಳ ಗಲೀಜಾಗಿರಬೇಕು.

ದೊಡ್ಡ ಮರವೊಂದು ಅಡ್ಡ ಬಿದ್ದಿತು ಅಂತಿಟ್ಟುಕೊಳ್ಳಿ. ನೀರು ಅದಕ್ಕೆ ಬಡಿದು ಕೆಳಗೆ ಧುಮುಕಿ ಮಡು ಕೊರೆಯುತ್ತದೆ. ಮರದ ಹಿಂದೆ ಹರಿವು ನಿಧಾನವಾಗಿ ಜಲ್ಲಿ ನಿಲ್ಲುತ್ತದೆ. ಆ ಜಲ್ಲಿ ಮೊಟ್ಟೆ ಇಡುವ ಜಾಗ, ಮಡು ಮರಿಗಳು ಬೇಸಿಗೆ ಕಳೆಯುವ ಜಾಗ. ಬೇರಿನ ಗೋಜಲಿನಲ್ಲಿ ಕೊಕ್ಕರೆಗೆ ಕಾಣದ ಹಾಗೆ ಅಡಗಬಹುದು. ನೆರೆ ಬಂದಾಗ ನೀರು ದಡ ಮೀರಿ ಕಾಡಿನೊಳಗೆ ಹರಡುತ್ತದೆ, ಅದರ ರಭಸ ಇಳಿಯುತ್ತದೆ.

ತಮಾಷೆ ಏನೆಂದರೆ, 1950ರಿಂದ 70ರ ದಶಕದವರೆಗೆ ಇಲ್ಲಿನ ಇಲಾಖೆಗಳೇ ಮೀನಿಗೆ ದಾರಿ ಬಿಡಿಸುತ್ತೇವೆ ಅಂತ ಹಳ್ಳಗಳಿಂದ ದಿಮ್ಮಿಗಳನ್ನು ಎಳೆದು ಹಾಕಿದವು. ಉದ್ದೇಶ ಒಳ್ಳೆಯದೇ. ಆದರೆ ದಿಮ್ಮಿ ಹೋದ ಮೇಲೆ ಜಲ್ಲಿ ಕೊಚ್ಚಿ ಹೋಯಿತು, ಮಡು ಮುಚ್ಚಿತು, ಹಳ್ಳ ಬರೀ ಕಾಲುವೆಯಾಯಿತು. 1980ರ ದಶಕದಿಂದ ಅದೇ ದಿಮ್ಮಿಗಳನ್ನು ವಾಪಸ್ಸು ಇಡುತ್ತಿದ್ದಾರೆ. ರಸ್ತೆ ಇಲ್ಲದ ಕಡೆ ಹೆಲಿಕಾಪ್ಟರ್‌ನಲ್ಲಿ ತಂದು ಇಳಿಸುತ್ತಾರೆ. ಬುಡದ ಬೇರಿನ ಗಡ್ಡೆಯ ಸಮೇತ ಇರುವ ಮರಕ್ಕೆ ಬೆಲೆ ಜಾಸ್ತಿ, ಯಾಕೆಂದರೆ ಅದು ಸುಲಭಕ್ಕೆ ತೇಲಿ ಹೋಗುವುದಿಲ್ಲ.

ಇದನ್ನು ನಾವು ನೀವು ಮಾಡುವ ಹಾಗಿಲ್ಲ. ಪರವಾನಗಿ ಬೇಕು, ಎಂಜಿನಿಯರ್ ಲೆಕ್ಕ ಬೇಕು. ಕೆಳಗೆ ಸೇತುವೆ ಇದ್ದು ದಿಮ್ಮಿ ಹೋಗಿ ಸಿಕ್ಕಿಕೊಂಡರೆ ಕಥೆ ಮುಗಿಯಿತು. ನೀರಿಗಿಳಿದು ಮಾಡುವ ಕೆಲಸಕ್ಕೆ ಸಾಮಾನ್ಯವಾಗಿ ಬೇಸಿಗೆಯ ಎರಡು ಮೂರು ತಿಂಗಳು ಮಾತ್ರ ಅವಕಾಶ. ಆಗ ಜಲ್ಲಿಯಲ್ಲಿ ಮೊಟ್ಟೆ ಕಮ್ಮಿ.

ಹಳ್ಳಗಳು ಹಾಳಾಗಿದ್ದು ಹೇಗೆ?

ಒಂದೇ ಕಾರಣ ಅಂತಿಲ್ಲ. ದಡದವರೆಗೂ ಮರ ಕಡಿದರು. ಹಳ್ಳಕ್ಕೆ ತಾತ್ಕಾಲಿಕ ಒಡ್ಡು ಹಾಕಿ ನೀರು ತುಂಬಿಸಿ, ಒಮ್ಮೆಲೇ ಬಿಟ್ಟು ನಾಟಾವನ್ನು ಕೆಳಗೆ ಸಾಗಿಸಿದರು. ಆ ಹೊಡೆತಕ್ಕೆ ಹಳ್ಳದ ತಳ ಬಂಡೆಯವರೆಗೆ ಕಿತ್ತುಹೋಯಿತು. ಹೊಲ ಮಾಡಲು ಡೊಂಕು ಹಳ್ಳವನ್ನು ನೇರ ಮಾಡಿದರು. ಕಡ್ಡಿ, ಕೆಸರಿನಿಂದ ಹಳ್ಳಕ್ಕೆ ಒಡ್ಡು ಕಟ್ಟುವ ಬೀವರ್ ಅನ್ನುವ ಪ್ರಾಣಿಗಳನ್ನು ತುಪ್ಪಳಕ್ಕಾಗಿ ಕೊಂದರು. ಅಣೆಕಟ್ಟು, ರಸ್ತೆ, ಪಾರ್ಕಿಂಗ್ ಜಾಗ ಎಲ್ಲವೂ ಆಮೇಲೆ ಸೇರಿಕೊಂಡವು.

ಒಂದು ಮೋರಿಗೆ ಲಕ್ಷಾಂತರ ಡಾಲರ್ ಖರ್ಚು ಮಾಡ್ತಾರಂತೆ?

ಕೆಲವು ಕಡೆ ಕೋಟ್ಯಂತರ. ರಸ್ತೆ ಕೆಳಗೆ ಸಣ್ಣ ಪೈಪು ಹಾಕಿ ಹಳ್ಳವನ್ನು ಅದರೊಳಗೆ ನುಗ್ಗಿಸಿರುತ್ತಾರೆ. ನೀರು ರಭಸವಾಗಿ ಹೊರಬಂದು ಪೈಪಿನ ಬಾಯಿಯ ಕೆಳಗೆ ನೆಲ ಕೊರೆಯುತ್ತದೆ. ಕೆಲ ವರ್ಷಗಳಲ್ಲಿ ಪೈಪು ನೆಲದಿಂದ ಮೇಲೆ ನೇತಾಡುತ್ತಿರುತ್ತದೆ. ಮೀನು ಹಾರಿದರೂ ನಿಲುಕುವುದಿಲ್ಲ. ಮೇಲೆ ಎಷ್ಟೇ ಒಳ್ಳೆಯ ಹಳ್ಳ ಇದ್ದರೂ ದಂಡ.

ಇದರ ಹಿಂದೆ ದೊಡ್ಡ ಕೋರ್ಟು ಕಥೆಯಿದೆ. 1854-55ರಲ್ಲಿ ಇಲ್ಲಿನ ಮೂಲನಿವಾಸಿ ಬುಡಕಟ್ಟುಗಳು ಒಪ್ಪಂದ ಮಾಡಿಕೊಂಡು ಭೂಮಿ ಬಿಟ್ಟುಕೊಟ್ಟವು. ಆದರೆ ತಾವು ಎಂದಿನಂತೆ ಮೀನು ಹಿಡಿಯುವ ಜಾಗಗಳಲ್ಲಿ ಹಿಡಿಯುವ ಹಕ್ಕನ್ನು ಉಳಿಸಿಕೊಂಡವು. ನೂರು ವರ್ಷ ಕಳೆದ ಮೇಲೆ ಅದೇ ಜಾಗದಲ್ಲಿ ಮೀನು ಹಿಡಿದರೆ ಪೊಲೀಸರು ಬಂಧಿಸುತ್ತಿದ್ದರು. ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ ಎಷ್ಟೋ ಸಲ ಜೈಲಿಗೆ ಹೋದರು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ತೀರ್ಪು ಕೊಟ್ಟರು: ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಬುಡಕಟ್ಟುಗಳದ್ದು.

ಸರಿ, ಅರ್ಧ ಪಾಲು ಸಿಕ್ಕಿತು. ಮೀನೇ ಇಲ್ಲದಿದ್ದರೆ ಅರ್ಧದಲ್ಲೇನಿದೆ? 2001ರಲ್ಲಿ ಬುಡಕಟ್ಟುಗಳು ಮೋರಿಗಳ ವಿಷಯ ಹಿಡಿದು ಮತ್ತೆ ಕೋರ್ಟಿಗೆ ಹೋದವು. 2013ರಲ್ಲಿ ಆದೇಶ ಬಂತು, ಮೀನಿಗೆ ಅಡ್ಡವಾಗಿರುವ ಮೋರಿಗಳನ್ನು ರಾಜ್ಯ ಸರ್ಕಾರ ಬದಲಿಸಬೇಕು ಅಂತ. 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶರ ಮತ 4-4 ಸಮವಾದ್ದರಿಂದ ಆ ಆದೇಶ ನಿಂತಿತು. ಮುಚ್ಚಿಹೋದ ಹಳ್ಳದಲ್ಲಿ ಶೇ. 90ರಷ್ಟನ್ನು 2030ರೊಳಗೆ ತೆರೆಯಬೇಕು ಅನ್ನುವುದು ಗುರಿ. ಈಗ ಹೆದ್ದಾರಿಯಲ್ಲಿ ಟ್ರಾಫಿಕ್ ತಿರುಗಿಸಿ ಮೋರಿ ಅಗೆಯುವುದನ್ನು ನೋಡಿ ಗೊಣಗುವ ಗೆಳೆಯರಿಗೆ ನಾನು ಈ ಕಥೆ ಹೇಳುತ್ತೇನೆ. ಗೊಣಗುವುದೇನೂ ನಿಲ್ಲಿಸಿಲ್ಲ.

ಅಣೆಕಟ್ಟನ್ನೇ ಒಡೆದರು ಅಂತ ಕೇಳಿದೆ. ನಿಜವಾ?

ನಿಜ. ನಮ್ಮಿಂದ ಎರಡು ಮೂರು ಗಂಟೆ ದಾರಿಯಲ್ಲಿ ಎಲ್ವಾ ಅನ್ನುವ ಹೊಳೆ ಇದೆ. ಒಲಿಂಪಿಕ್ ಬೆಟ್ಟಗಳಲ್ಲಿ ಹುಟ್ಟಿ ಸುಮಾರು 72 ಕಿಲೋಮೀಟರ್ ಹರಿದು ಸಮುದ್ರ ಸೇರುತ್ತದೆ. ಅದರ ಮೇಲೆ ಎರಡು ಅಣೆಕಟ್ಟು ಇದ್ದವು. ಕೆಳಗಿನದ್ದು 1913ರದ್ದು, 33 ಮೀಟರ್ ಎತ್ತರ. ಮೇಲಿನ ಗ್ಲೈನ್ಸ್ ಕ್ಯಾನಿಯನ್ 1927ರದ್ದು, 64 ಮೀಟರ್. ಕೆಳಗಿನದರ ಬುಡ ಸರಿಯಾಗಿ ಬಂಡೆಗೆ ಕೂತಿರಲಿಲ್ಲ, ಕಟ್ಟುತ್ತಿರುವಾಗಲೇ 1912ರಲ್ಲಿ ತಳ ಕಿತ್ತು ನೀರು ನುಗ್ಗಿತ್ತು.

ಮೀನು ಹತ್ತಲು ದಾರಿ ಬಿಡಬೇಕು ಅಂತ ಆಗಲೇ ರಾಜ್ಯದ ಕಾನೂನಿತ್ತು. ದಾರಿ ಬದಲು ಮೀನುಮರಿ ಸಾಕುವ ಕೇಂದ್ರ ಮಾಡಿಕೊಡುತ್ತೇವೆ ಅಂತ ಒಪ್ಪಂದವಾಯಿತು. 1922ರಲ್ಲಿ ಆ ಕೇಂದ್ರವನ್ನೂ ಕೈಬಿಟ್ಟರು. ನಮ್ಮ ಕರಾವಳಿಯ ಕಿಂಡಿ ಅಣೆಕಟ್ಟಿನಲ್ಲಿ ಮಳೆಗಾಲಕ್ಕೆ ಹಲಗೆ ತೆಗೆದಿಡುತ್ತಾರೆ, ಇಲ್ಲಿ ಅಂಥ ಕಿಂಡಿಯೂ ಇರಲಿಲ್ಲ. ಸುಮಾರು ನೂರು ವರ್ಷ ಮೀನಿಗೆ ಉಳಿದದ್ದು ಕೆಳಗಿನ 8 ಕಿಲೋಮೀಟರ್ ಮಾತ್ರ. ಲೋವರ್ ಎಲ್ವಾ ಕ್ಲಾಲಮ್ ಬುಡಕಟ್ಟಿನ ಪವಿತ್ರ ಜಾಗವೂ ಕೆರೆಯಡಿ ಮುಳುಗಿತ್ತು. ಅವರ ನಂಬಿಕೆಯಲ್ಲಿ ಅವರ ಜನ ಹುಟ್ಟಿದ್ದೇ ಅಲ್ಲಿ.

1992ರಲ್ಲಿ ಈ ಹೊಳೆಯನ್ನು ಸರಿಪಡಿಸುವ ಕಾನೂನು ಪಾಸಾಯಿತು. ಒಡೆಯಲು ಶುರುವಾಗಿದ್ದು 2011ರ ಸೆಪ್ಟೆಂಬರ್‌ನಲ್ಲಿ! ಕೆಳಗಿನದ್ದು 2012ರಲ್ಲಿ ಹೋಯಿತು, ಮೇಲಿನದ್ದು 2014ರ ಆಗಸ್ಟ್‌ನಲ್ಲಿ. ಕೆರೆಗಳಲ್ಲಿ 1.5 ಕೋಟಿ ಘನ ಮೀಟರ್‌ಗಿಂತ ಜಾಸ್ತಿ ಹೂಳು ಕೂತಿತ್ತು. ಒಮ್ಮೆಲೇ ಬಿಟ್ಟರೆ ಕೆಳಗಿನ ಎಲ್ಲವೂ ಹೂತುಹೋಗುತ್ತದೆ ಅಂತ ಹಂತಹಂತವಾಗಿ ಕತ್ತರಿಸಿದರು. ಆದರೂ ಹೊಳೆ ಎಷ್ಟೋ ತಿಂಗಳು ಕಾಫಿ ಬಣ್ಣದಲ್ಲೇ ಹರಿಯಿತು. ಆ ಹೂಳು ಸಮುದ್ರದ ಬಾಯಲ್ಲಿ ಹೊಸ ಮರಳ ದಂಡೆಯನ್ನೇ ಕಟ್ಟಿತು.

ನನ್ನಂಥವರಿಗೆ ಜಾಸ್ತಿ ಕುತೂಹಲ ಖಾಲಿಯಾದ ಕೆರೆ ತಳದ ಬಗ್ಗೆ. ನೋಡಲು ಚಂದ್ರನ ನೆಲದ ಹಾಗಿತ್ತು. ಅದೇ ಕಣಿವೆಯಲ್ಲಿ ಆಯ್ದ ಬೀಜ, ಅದೇ ಬೀಜದ ಸಸಿ ಹಾಕಿದರು, ಲಕ್ಷಗಟ್ಟಲೆ. ಒರಟು ಜಲ್ಲಿಯ ಮೇಲೆ ಏನೂ ನಿಲ್ಲದಿದ್ದಾಗ ಕೆಲಸ ಮಾಡಿದ್ದು ಲೂಪಿನ್ ಅನ್ನುವ ನೀಲಿ ಹೂವಿನ ಗಿಡ. ನಮ್ಮ ಹುರುಳಿ, ಅವರೆಯ ಕುಲದ್ದು. ಗಾಳಿಯಿಂದ ಸಾರಜನಕ ಎಳೆದು ನೆಲ ಹದ ಮಾಡಿತು. ಹೆಲಿಕಾಪ್ಟರ್‌ನಿಂದ ಒಣ ದಿಮ್ಮಿ ತಂದು ಚೆಲ್ಲಿದರು. ಅವುಗಳ ಮರೆಯಲ್ಲಿ ಗಾಳಿ, ಬಿಸಿಲು ತಪ್ಪಿಸಿಕೊಂಡು ಸಸಿ ಎದ್ದಿತು. ಇಲ್ಲೂ ಗಲೀಜೇ ಗೆದ್ದಿತು ನೋಡಿ.

ಮೀನು ವಾಪಸ್ ಬಂತಾ?

ಬಂತು, ಆದರೆ ಎಲ್ಲವೂ ಒಂದೇ ಥರ ಅಲ್ಲ. 2012ರಲ್ಲೇ ಹಳೆಯ ಅಣೆಕಟ್ಟಿನ ಜಾಗ ದಾಟಿ ಚಿನೂಕ್ ಹತ್ತಿತು. ಅಚ್ಚರಿ ಆಗಿದ್ದು ಬೇಸಿಗೆಯಲ್ಲಿ ಹೊಳೆ ಹತ್ತುವ ಸ್ಟೀಲ್‌ಹೆಡ್ ವಿಷಯದಲ್ಲಿ. ಸ್ಟೀಲ್‌ಹೆಡ್, ರೇನ್‌ಬೋ ಟ್ರೌಟ್ ಎರಡೂ ಒಂದೇ ಜಾತಿ; ಸಮುದ್ರಕ್ಕೆ ಹೋಗಿ ಬಂದರೆ ಸ್ಟೀಲ್‌ಹೆಡ್, ಸಿಹಿನೀರಿನಲ್ಲೇ ಉಳಿದರೆ ರೇನ್‌ಬೋ ಟ್ರೌಟ್. ಅಣೆಕಟ್ಟಿನ ಮೇಲೆ ಸಿಕ್ಕಿಕೊಂಡಿದ್ದ ರೇನ್‌ಬೋ ಟ್ರೌಟ್ ನೂರು ವರ್ಷ ಸಿಹಿನೀರಿನಲ್ಲೇ ಬದುಕಿತ್ತು. ದಾರಿ ತೆರೆದ ಮೇಲೆ ಅದೇ ತಳಿ ಸಮುದ್ರಕ್ಕೆ ಹೋಗಿ ಸ್ಟೀಲ್‌ಹೆಡ್ ಆಗಿ ಮರಳಿತು. ಸಮುದ್ರದ ದಾರಿ ಅದರ ರಕ್ತದಲ್ಲಿ ಉಳಿದುಕೊಂಡೇ ಇತ್ತು. ಚಿನೂಕ್‌ನಲ್ಲಿ ಮಾತ್ರ ಇನ್ನೂ ಬಹುಪಾಲು ಕೇಂದ್ರದಲ್ಲಿ ಸಾಕಿ ಬಿಟ್ಟವೇ. ಹತ್ತು ವರ್ಷಕ್ಕೂ ಜಾಸ್ತಿ ಎಲ್ವಾದಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿದ್ದರು. 2023ರ ಅಕ್ಟೋಬರ್‌ನಲ್ಲಿ ಕ್ಲಾಲಮ್ ಜನ ಮತ್ತೆ ಸ್ವಲ್ಪ ಕೋಹೋ ಹಿಡಿದರು.

ದಕ್ಷಿಣಕ್ಕೆ, ಆರೆಗಾನ್‌ನಿಂದ ಹರಿದು ಕ್ಯಾಲಿಫೋರ್ನಿಯಾದಲ್ಲಿ ಸಮುದ್ರ ಸೇರುವ ಕ್ಲಾಮತ್ ಹೊಳೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ಆಗಿದೆ. 2002ರಲ್ಲಿ ಅಲ್ಲಿ ನೀರು ಕಮ್ಮಿಯಾಗಿ, ಬಿಸಿಯಾಗಿ 30 ಸಾವಿರಕ್ಕೂ ಜಾಸ್ತಿ ಸಾಲ್ಮನ್ ಸತ್ತಿದ್ದವು. ಯೂರೋಕ್, ಕಾರೂಕ್ ಮುಂತಾದ ಬುಡಕಟ್ಟುಗಳು ವರ್ಷಗಟ್ಟಲೆ ಹೋರಾಡಿದ ಮೇಲೆ ನಾಲ್ಕು ಅಣೆಕಟ್ಟುಗಳು 2024ರ ಹೊತ್ತಿಗೆ ನೆಲಸಮವಾದವು. ಅದೇ ವರ್ಷ ಅಕ್ಟೋಬರ್‌ನಲ್ಲೇ ಚಿನೂಕ್ ಆ ಜಾಗಗಳನ್ನು ದಾಟಿ ಆರೆಗಾನ್ ರಾಜ್ಯ ತಲುಪಿತು.

ಇಷ್ಟೆಲ್ಲ ಯಾಕೆ? ಮರಿ ಸಾಕಿ ಬಿಟ್ಟರೆ ಸಾಲದಾ?

ಮರಿ ಸಾಕುವ ಕೇಂದ್ರಗಳು ಇಲ್ಲಿ ಬೇಕಾದಷ್ಟಿವೆ, ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ. ಅವಿಲ್ಲದಿದ್ದರೆ ಕೆಲವು ಹೊಳೆಗಳಲ್ಲಿ ಮೀನೇ ಇರುತ್ತಿರಲಿಲ್ಲ, ಅದೂ ನಿಜ. ಆದರೆ ತೊಟ್ಟಿಯಲ್ಲಿ ಬೆಳೆದ ಮರಿಗೆ ಕೊಕ್ಕರೆ ಕಂಡರೆ ಓಡಬೇಕು ಅನ್ನುವುದು ಗೊತ್ತಿರುವುದಿಲ್ಲ. ತಲೆಮಾರು ಕಳೆದ ಹಾಗೆ ತೊಟ್ಟಿಗೆ ಒಗ್ಗುವ ಗುಣವೇ ಉಳಿಯುತ್ತದೆ. ಕಾಡುಮೀನಿನ ಜೊತೆ ಬೆರೆತರೆ ಅವುಗಳ ಕಸುವೂ ಕಮ್ಮಿಯಾಗುತ್ತದೆ. ಹಳ್ಳ ಸರಿಯಿಲ್ಲದಿದ್ದರೆ ವರ್ಷವರ್ಷ ಸಾಕುತ್ತಲೇ ಇರಬೇಕು, ಎಂದೂ ಮುಗಿಯುವುದಿಲ್ಲ.

ಯಾವ ಗಿಡ ನೆಡ್ತೀರಿ? ಯಾವಾಗ?

ಅಕ್ಟೋಬರ್‌ನಿಂದ ಮಾರ್ಚ್. ನೀರಿಗೆ ತೀರ ಹತ್ತಿರ ವಿಲ್ಲೋ, ಡಾಗ್‌ವುಡ್, ಕಾಟನ್‌ವುಡ್. ಇವಕ್ಕೆ ಸಸಿಯೇ ಬೇಡ. ಚಳಿಗಾಲದಲ್ಲಿ ಎಲೆ ಉದುರಿದ ಕೊಂಬೆ ಕಡಿದು, ಮುಕ್ಕಾಲು ಪಾಲು ಹಸಿ ಮಣ್ಣಿಗೆ ಹೊಡೆದರೆ ಬೇರು ಬಿಡುತ್ತದೆ. ಬೇಲಿಗೆ ಗ್ಲಿರಿಸಿಡಿಯ ಗೂಟ ಹೊಡೆದವರಿಗೆ ಇದನ್ನು ಕಲಿಸಬೇಕಿಲ್ಲ. ಬುಡಮೇಲು ಮಾಡಿ ನೆಡಬೇಡಿ ಅಷ್ಟೇ. ಅದರಿಂದ ಸ್ವಲ್ಪ ಹಿಂದೆ ಆಲ್ಡರ್, ನೆರಳು ಬಂದ ಮೇಲೆ ಸೀಡರ್, ಸಿಟ್ಕಾ ಸ್ಪ್ರೂಸ್. ಆಲ್ಡರ್ ಬೇಗ ಬೆಳೆಯುತ್ತದೆ, ಬೇಗ ಸಾಯುತ್ತದೆ. ಸೀಡರ್ ನಿಧಾನ, ಆದರೆ ಹಳ್ಳಕ್ಕೆ ಬಿದ್ದ ಮೇಲೂ ದಶಕಗಟ್ಟಲೆ ಕೊಳೆಯುವುದಿಲ್ಲ.

ಅಸಲಿ ಕೆಲಸ ನೆಡುವುದಲ್ಲ, ಮುಳ್ಳು ಕೀಳುವುದು. ನಮಗೆ ಲಂಟಾನ ಹೇಗೋ ಇಲ್ಲಿ ಹಿಮಾಲಯನ್ ಬ್ಲ್ಯಾಕ್‌ಬೆರಿ ಹಾಗೆ. ಹೆಸರು ಕೇಳಿ ಮೊದಲ ದಿನವೇ ಎಲ್ಲರೂ ನನ್ನನ್ನು ನೋಡಿ ನಕ್ಕರು, ‘ನಿಮ್ಮ ಕಡೆಯದ್ದೇ’ ಅಂತ. ಅಲ್ಲ ಸ್ವಾಮಿ! ಲೂಥರ್ ಬರ್ಬ್ಯಾಂಕ್ ಅನ್ನುವ ತಳಿಗಾರ 1885ರಲ್ಲಿ ಭಾರತದಿಂದ ಬೀಜ ತರಿಸಿಕೊಂಡು ಆ ಹೆಸರಿಟ್ಟ. ಗಿಡದ ನಿಜವಾದ ಊರು ಆರ್ಮೇನಿಯಾ ಕಡೆ. ಬಳ್ಳಿ ಕತ್ತರಿಸಿದರೆ ಸಾಲದು, ಬುಡದ ಗಡ್ಡೆ ಅಗೆದು ತೆಗೆಯಬೇಕು. ಜಪಾನಿ ನಾಟ್‌ವೀಡ್ ಕಂಡರೆ ಮಾತ್ರ ಕೈ ಹಾಕಬೇಡಿ. ತುಂಡು ಬಿದ್ದಲ್ಲೆಲ್ಲ ಚಿಗುರುತ್ತದೆ, ತಿಳಿದವರಿಗೆ ಬಿಡಿ.

ನಾನು ಮೊದಲ ವರ್ಷ ಇಪ್ಪತ್ತು ಸೀಡರ್ ನೆಟ್ಟು ಬೀಗಿದ್ದೆ. ಮರುವರ್ಷ ಉಳಿದದ್ದು ಮೂರು. ಸಿಯಾಟಲ್ ಅಂದರೆ ಸದಾ ಮಳೆ ಅಂದುಕೊಂಡು ಬೇಸಿಗೆಯಲ್ಲಿ ಆ ಕಡೆ ತಲೆ ಹಾಕಿರಲಿಲ್ಲ. ಜುಲೈ, ಆಗಸ್ಟ್ ಇಲ್ಲಿ ಒಣ ತಿಂಗಳು. ಕೆಲವು ಒಣಗಿದವು, ಕೆಲವನ್ನು ಜಿಂಕೆ ತಿಂದಿತ್ತು. ಮೂರರಿಂದ ಐದು ವರ್ಷ ನೀರು, ಕಳೆ, ಬೇಲಿ ನೋಡಿಕೊಳ್ಳದಿದ್ದರೆ ನೆಡುವುದು ಸುಮ್ನೆ ಫೋಟೋಗೆ.

ಬೀವರ್ ಅಣೆಕಟ್ಟು ಕಟ್ಟಿದ್ರೆ ಮೀನಿಗೆ ಅಡ್ಡ ಅಲ್ವಾ?

ಸಾಮಾನ್ಯವಾಗಿ ಅಲ್ಲ. ಅದು ಕಡ್ಡಿ, ಕೆಸರಿನ ಸೋರುವ ಒಡ್ಡು. ಮೀನು ಪಕ್ಕದಿಂದಲೋ ಮೇಲಿಂದಲೋ ದಾಟುತ್ತದೆ. ಹಿಂದಿನ ಕೊಳ ಕೋಹೋ ಮರಿಗೆ ಸ್ವರ್ಗ. ಬೀವರ್ ಇಲ್ಲದ ಕಡೆ ಜನರೇ ಗೂಟ ಹೊಡೆದು, ವಿಲ್ಲೋ ಹೆಣೆದು ಅಂಥ ಒಡ್ಡು ಕಟ್ಟುತ್ತಾರೆ, ನಮ್ಮ ಹಳ್ಳದ ಕಟ್ಟದ ಥರವೇ.

ನಮ್ಮ ಮನೆ ಹತ್ತಿರ ಹಳ್ಳವೇ ಇಲ್ಲ. ನಮಗೇನು ಸಂಬಂಧ?

ಕಾರಿದೆಯಾ? ಹಾಗಾದರೆ ಇದೆ. ಸಿಯಾಟಲ್‌ನ ಹಳ್ಳಗಳಲ್ಲಿ ಮಳೆ ಬಂದ ಕೂಡಲೇ ಕೋಹೋ ಮೊಟ್ಟೆ ಇಡುವ ಮೊದಲೇ ಒದ್ದಾಡಿ ಸಾಯುತ್ತಿದ್ದವು. ವರ್ಷಗಟ್ಟಲೆ ಕಾರಣ ಸಿಕ್ಕಿರಲಿಲ್ಲ. 2020ರ ಡಿಸೆಂಬರ್‌ನಲ್ಲಿ ಇಲ್ಲಿನ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಹುಡುಕಿ ಹೇಳಿದರು: ಟೈರು. ಟೈರ್ ಬಿರುಕು ಬಿಡದಿರಲಿ ಅಂತ 6ಪಿಪಿಡಿ ಅನ್ನುವ ರಾಸಾಯನಿಕ ಸೇರಿಸುತ್ತಾರೆ. ಅದು ಗಾಳಿಯ ಓಝೋನ್ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಸವೆದ ಟೈರಿನ ಪುಡಿ ಮಳೆಯಲ್ಲಿ ಹಳ್ಳ ಸೇರಿದರೆ ಕೋಹೋ ಕೆಲವೇ ಗಂಟೆಯಲ್ಲಿ ಸಾಯುತ್ತದೆ. ವಿಚಿತ್ರ ಅಂದರೆ ಚಮ್‌ಗೆ ಹೆಚ್ಚೇನೂ ಆಗುವುದಿಲ್ಲ. ಒಳ್ಳೆಯ ಸುದ್ದಿ ಇಷ್ಟು: ಅದೇ ನೀರನ್ನು ಮರಳು, ಕಾಂಪೋಸ್ಟ್ ಬೆರೆತ ಮಣ್ಣಿನ ಮೂಲಕ ಸೋಸಿದರೆ ಕೋಹೋ ಬದುಕುತ್ತದೆ. ಮನೆ ಮುಂದಿನ ನೀರು ಚರಂಡಿಗೆ ಹೋಗುವ ಬದಲು ಗಿಡದ ಗುಂಡಿಯಲ್ಲಿ ಇಂಗಲು ಬಿಡಿ.

ಮಕ್ಕಳನ್ನು ಕರ್ಕೊಂಡು ಎಲ್ಲಿ ನೋಡಬಹುದು?

ಬೇಸಿಗೆಯಲ್ಲಿ ಬ್ಯಾಲರ್ಡ್ ಲಾಕ್ಸ್‌ಗೆ ಹೋಗಿ, ಸಿಯಾಟಲ್‌ನಲ್ಲಿ ದೋಣಿಗಳನ್ನು ಸಮುದ್ರಕ್ಕೂ ಕೆರೆಗೂ ನಡುವೆ ಏರಿಸಿ ಇಳಿಸುವ ಜಾಗ ಅದು. ಅಲ್ಲಿ ಮೀನು ಹತ್ತಲು ಕಟ್ಟಿದ ಮೆಟ್ಟಿಲಿಗೆ ಗಾಜಿನ ಕಿಟಕಿ ಇದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇಸಾಕ್ವಾದ ಮೀನುಮರಿ ಕೇಂದ್ರ, ಊರ ಮಧ್ಯದಲ್ಲೇ. ನನಗೆ ಇಷ್ಟವಾದ ಜಾಗ ಕಾರ್ಕೀಕ್ ಪಾರ್ಕ್‌ನ ಪೈಪರ್ಸ್ ಹಳ್ಳ. ನವೆಂಬರ್‌ನಲ್ಲಿ ಚಮ್ ಹತ್ತುತ್ತದೆ. ಮೀನು ಕಾಣುವ ಮೊದಲು ಬಾಲ ಬಡಿಯುವ ಸದ್ದು ಕೇಳುತ್ತದೆ.

ದಡದಲ್ಲೇ ನಿಲ್ಲಿ, ನೀರಿಗೆ ಇಳಿಯಬೇಡಿ. ಕಾಲಡಿಯ ಜಲ್ಲಿಯಲ್ಲಿ ಮೊಟ್ಟೆ ಇರಬಹುದು. ಕಲ್ಲು ಎಸೆಯಲು ಮಕ್ಕಳ ಕೈ ತುರಿಸುತ್ತದೆ, ನೋಡಿಕೊಳ್ಳಿ. ನಾಯಿ ಇದ್ದರೆ ಹಗ್ಗ ಬಿಡಬೇಡಿ. ಹಸಿ ಸಾಲ್ಮನ್ ತಿಂದ ನಾಯಿಗೆ ಇಲ್ಲಿ ಪ್ರಾಣಕ್ಕೇ ಕುತ್ತು ತರುವ ಕಾಯಿಲೆ ಬರಬಹುದು. ತಿಂದುಬಿಟ್ಟರೆ ಕಾಯಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.